ರೇಟ್ ಹೆಂಗ್ರಿ?

ಕೊಪ್ಪಳದಲ್ಲಿ ಫೋಟೋ ಸ್ಟುಡಿಯೋ ನಡೆಸುವ ಯಾರನ್ನಾದರೂ ಕೇಳಿ. ಫೋನ್ ಎತ್ತಿದ ತಕ್ಷಣ ಬರುವ ಮೊದಲ ಮಾತು ಒಂದೇ. "ರೇಟ್ ಹೆಂಗ್ರಿ?" ಕೆಲವು ಸಲ ಹಲೋ ಕೂಡ ಇರುವುದಿಲ್ಲ. ನನ್ನ ಫೋಟೋಗ್ರಾಫರ್ ಗೆಳೆಯರು ಇದಕ್ಕೆ ಬೇಸರ ಮಾಡಿಕೊಳ್ಳುತ್ತಾರೆ. ನಮ್ಮ ಊರಿನವರಿಗೆ ಕೆಲಸದ ಬೆಲೆ ಗೊತ್ತಿಲ್ಲ, ಬರೀ ಚೌಕಾಸಿ ಅನ್ನುತ್ತಾರೆ.

ನನಗೆ ಹಾಗೆ ಅನ್ನಿಸುವುದಿಲ್ಲ. ಸಂತೆಯಲ್ಲಿ ಜೋಳ ಕೊಳ್ಳುವವರು ಮೊದಲು ಒಂದು ಹಿಡಿ ಕಾಳು ಎತ್ತಿ ಅಂಗೈಯಲ್ಲಿ ಹರಡಿ ನೋಡುತ್ತಾರೆ. ದರ ಕೇಳುವುದು ಆಮೇಲೆ. ಫೋಟೋ ವಿಷಯದಲ್ಲಿ ಹಾಗೆ ಎತ್ತಿ ನೋಡುವುದಕ್ಕೆ ನಾವು ಏನು ಇಟ್ಟಿದ್ದೇವೆ? ಎಲ್ಲಾ ಸ್ಟುಡಿಯೋದ ಬೋರ್ಡಿನಲ್ಲೂ ಅದೇ ಮದುವೆ ಜೋಡಿ, ಅದೇ ಡ್ರೋನ್ ಚಿತ್ರ, ಅದೇ 12 ಇಂಚು 36 ಇಂಚಿನ ಆಲ್ಬಂ. ಎಲ್ಲವೂ ಒಂದೇ ಥರ ಕಂಡರೆ ಕೇಳುವುದಕ್ಕೆ ಉಳಿಯುವುದು ದರ ಮಾತ್ರ, ಅಲ್ವಾ? ಬೇರೆ ಏನನ್ನಾದರೂ ಕೇಳಬಹುದು ಅಂತ ನಾವು ತೋರಿಸಿಯೇ ಇಲ್ಲ. ನಮಗೆ ಬೇಕಾದ ಗಿರಾಕಿ ಹೇಗೆ ಬರುತ್ತಾರೆ ಅಂತ ಹೊಸದಾಗಿ ಸ್ಟುಡಿಯೋ ತೆರೆದವರು ನನ್ನನ್ನು ಕೇಳಿದಾಗ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಗಿರಾಕಿಯ ಮೊದಲ ಪ್ರಶ್ನೆ ಬದಲಾಗಬೇಕು. ಅದನ್ನು ಬದಲಾಯಿಸುವ ಕೆಲಸ ನಮ್ಮದು.

ನನ್ನ ಸ್ಟುಡಿಯೋ ಇರುವುದು ಜವಾಹರ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ. ಒಂದೇ ಕೋಣೆ, ಉತ್ತರಕ್ಕೆ ಒಂದು ದೊಡ್ಡ ಕಿಟಕಿ. ಮದುವೆ ಮಾಡುವುದಿಲ್ಲ, ಪ್ರಿ-ವೆಡ್ಡಿಂಗ್ ಮಾಡುವುದಿಲ್ಲ. ಮನುಷ್ಯರ ಮುಖ ಮಾತ್ರ ತೆಗೆಯುತ್ತೇನೆ. ಅದರಲ್ಲೂ ಮನೆಯ ಹಿರಿಯರದ್ದು, ಹೆಣ್ಣುಮಕ್ಕಳದ್ದು ಜಾಸ್ತಿ.

ಈ ಕೆಲಸವೇ ಬೇಕು ಅಂತ ನನಗೆ ಮನವರಿಕೆ ಮಾಡಿಕೊಟ್ಟಿದ್ದು ಆಧಾರ್ ಕಾರ್ಡುಗಳು. ಈ ಧಂಧೆಯಲ್ಲಿ ಇರುವವರಿಗೆಲ್ಲ ಗೊತ್ತಿರುವ ವಿಷಯ ಇದು. ಮನೆಯಲ್ಲಿ ಯಾರೋ ತೀರಿಕೊಂಡಿರುತ್ತಾರೆ. ಮಗನೋ ಅಳಿಯನೋ ಗಡಿಬಿಡಿಯಲ್ಲಿ ಬಂದು ಜೇಬಿನಿಂದ ಆಧಾರ್ ಕಾರ್ಡ್ ತೆಗೆಯುತ್ತಾರೆ. "ಇದರಾಗಿಂದ ಅಪ್ಪಾರದು ದೊಡ್ಡದು ಮಾಡಿಕೊಡ್ರಿ, ನಾಳೆ ಮುಂಜಾನೆ ಬೇಕು." ಅಂಚೆ ಚೀಟಿಯಷ್ಟು ಮುಖ. ಅದನ್ನು ಹಿಗ್ಗಿಸಿದರೆ ಚುಕ್ಕಿಗಳು ಏಳುತ್ತವೆ, ಕಣ್ಣು ಕಾಣುವುದಿಲ್ಲ. ಇನ್ನು ಕೆಲವರು ಯಾರದೋ ಮದುವೆಯ ಗುಂಪು ಫೋಟೋ ತರುತ್ತಾರೆ. ಅಜ್ಜ ಎಡಗಡೆ ತುದಿಯಲ್ಲಿ ನಿಂತಿರುತ್ತಾರೆ, ಅರ್ಧ ಮುಖ ಮುಂದಿನವರ ರುಮಾಲಿನ ಹಿಂದೆ. ಆ ಮುಖ ಕತ್ತರಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಕಂಪ್ಯೂಟರಿನಲ್ಲಿ ಒಂದು ಕೋಟು ಅಂಟಿಸಿ ಕೊಡುವುದು ರೂಢಿ. ಜೀವನವಿಡೀ ಧೋತರ ಉಟ್ಟು ಹೊಲದಲ್ಲಿ ದುಡಿದ ಮನುಷ್ಯ ಗೋಡೆಯ ಮೇಲೆ ಕೋಟು ಹಾಕಿಕೊಂಡು ಉಳಿಯುತ್ತಾನೆ. ಅವನ ಮೊಮ್ಮಕ್ಕಳ ಮಕ್ಕಳು ಅದೇ ಅಜ್ಜ ಅಂತ ನಂಬುತ್ತಾರೆ.

ನನಗೆ ಇದು ತಡೆಯಲಾಗದ ಸಂಕಟ. ಎಂಬತ್ತು ವರ್ಷ ಬದುಕಿದ ಮುಖಕ್ಕೆ ಒಂದು ಒಳ್ಳೆಯ ಫೋಟೋ ಇಲ್ಲ. ಕ್ಯಾಮೆರಾ ಇಲ್ಲದ ಕಾಲ ಏನೂ ಅಲ್ಲ ಇದು. ಮನೆಯಲ್ಲಿ ನಾಲ್ಕು ಮೊಬೈಲ್ ಇರುತ್ತವೆ.

ವ್ಯಾಪಾರದ ಪಾಠ ಹೇಳುವವರು ಗಿರಾಕಿಯನ್ನು ವಯಸ್ಸು, ಆದಾಯ, ಓದು ಅಂತ ವಿಂಗಡಿಸಲು ಹೇಳುತ್ತಾರೆ. ನನ್ನ ಕೆಲಸಕ್ಕೆ ಅದು ಹೊಂದುವುದಿಲ್ಲ. ನನ್ನಲ್ಲಿಗೆ ಗಂಗಾವತಿಯ ರೈಸ್ ಮಿಲ್ಲಿನ ಮನೆಯವರೂ ಬಂದಿದ್ದಾರೆ, ಬಸ್ ಕಂಡಕ್ಟರೂ ಬಂದಿದ್ದಾರೆ, ಸರ್ಕಾರಿ ಆಸ್ಪತ್ರೆಯ ನರ್ಸ್ ಕೂಡ ಬಂದಿದ್ದಾರೆ. ಅವರಲ್ಲಿ ಇರುವ ಸಾಮಾನ್ಯ ಸಂಗತಿ ಒಂದೇ. ನಮ್ಮವ್ವನದು ಒಂದು ನೆಟ್ಟಗಿರುವ ಫೋಟೋ ಇಲ್ಲವಲ್ಲ ಅಂತ ಎಂದೋ ಒಂದು ದಿನ ಅವರಿಗೆ ಅನ್ನಿಸಿರುತ್ತದೆ. ಅನ್ನಿಸಿ ಮರೆತಿರುತ್ತಾರೆ. ಆ ಮರೆತದ್ದನ್ನು ನೆನಪಿಸಿದರೆ ಸಾಕು, ಅವರೇ ಬರುತ್ತಾರೆ.

ಯಾರಿಗಾಗಿ ಈ ಕೆಲಸ ಅನ್ನುವುದನ್ನು ಇಷ್ಟು ಖಚಿತವಾಗಿ ಇಟ್ಟುಕೊಂಡರೆ ಹೊಟ್ಟೆ ತುಂಬುತ್ತದಾ ಅಂತ ಕೇಳುವವರಿದ್ದಾರೆ. ನಾನು ಅವರಿಗೆ ಲಾಲಾ ದೀನ್ ದಯಾಳ್ ವಿಷಯ ಹೇಳುತ್ತೇನೆ. 1844ರಲ್ಲಿ ಮೀರತ್ ಹತ್ತಿರದ ಸರ್ಧನಾದಲ್ಲಿ ಹುಟ್ಟಿದವರು, ಆರನೇ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ಆದವರು. ನಮ್ಮ ಕೊಪ್ಪಳ ಆಗ ಹೈದರಾಬಾದ್ ಸಂಸ್ಥಾನದ ಒಳಗೆ, ಸಾಲಾರ್ ಜಂಗ್ ಮನೆತನದ ಜಹಗೀರು. ಅರಮನೆ, ಬೇಟೆ, ದರ್ಬಾರು ಎಲ್ಲವನ್ನೂ ತೆಗೆದ ಮನುಷ್ಯ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದರು. ಪರದೆಯ ಒಳಗಿನ ಹೆಂಗಸರು ಗಂಡಸಿನ ಕ್ಯಾಮೆರಾ ಮುಂದೆ ಕೂರುವಂತಿರಲಿಲ್ಲ. ಹಾಗಾಗಿ ಅದನ್ನು ನಡೆಸುವ ಹೊಣೆಯನ್ನೂ ಒಬ್ಬ ಹೆಣ್ಣುಮಗಳಿಗೇ ಕೊಟ್ಟರು. ಊರಿನ ಅರ್ಧ ಜನ ಫೋಟೋ ಅಂಗಡಿಯ ಕಡೆ ತಲೆ ಹಾಕುತ್ತಿಲ್ಲ, ಯಾಕೆ ಅಂತ ಯೋಚಿಸಿ, ಆ ಕಾರಣಕ್ಕೇ ಉತ್ತರ ಕಟ್ಟಿದ ಬುದ್ಧಿ ಅದು. ನನಗೆ ಅವರ ದರ್ಬಾರಿನ ಚಿತ್ರಗಳಿಗಿಂತ ಇದು ದೊಡ್ಡದಾಗಿ ಕಾಣುತ್ತದೆ.

ನನ್ನ ಕೋಣೆಯಲ್ಲೂ ಒಂದು ಪರದೆ ಇದೆ. ಸೆರಗು ಸರಿ ಮಾಡಿಕೊಳ್ಳಲು, ಮಗುವಿಗೆ ಹಾಲು ಕುಡಿಸಲು, ಸುಮ್ನೆ ಸ್ವಲ್ಪ ಹೊತ್ತು ಕೂರಲು. ಕ್ಯಾಮೆರಾ ಹಿಡಿಯುವವಳು ಹೆಂಗಸು ಅಂತ ಗೊತ್ತಾಗಿ ಬಂದ ಮನೆಗಳು ಬಹಳ. ಬುರ್ಖಾ ಹಾಕುವ ತಾಯಂದಿರು ಬರುತ್ತಾರೆ, ಆ ಫೋಟೋ ನನ್ನ ಕಂಪ್ಯೂಟರಿನಿಂದ ಅವರ ಕೈಗೆ ಹೋದರೆ ಮುಗಿಯಿತು. ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಫೈಲು ಅವರ ಎದುರಿಗೇ ಅಳಿಸಿ ತೋರಿಸುತ್ತೇನೆ. ಈ ಮಾತನ್ನು ನಾನು ಎಲ್ಲೂ ಜಾಹೀರಾತು ಮಾಡಿಲ್ಲ. ಒಬ್ಬರು ತಮ್ಮ ತಂಗಿಗೆ ಹೇಳಿದರು, ಆ ತಂಗಿ ನಾದಿನಿಗೆ ಹೇಳಿದರು.

ಇನ್ನು ಕಿಟಕಿಯ ವಿಷಯ. ಬೀದಿ ಕಡೆಗಿನ ಗಾಜಿನ ಹಿಂದೆ ಒಂದೇ ಒಂದು ಚಿತ್ರ ಇಡುತ್ತೇನೆ. 16 ಇಂಚು 24 ಇಂಚಿನದು, ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ. ಈಗ ಇರುವುದು ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿಯದು. ಕೆಂಪು ಸೆರಗಿನ ಮೇಲೆ ಬಿಳಿ ತೆನೆ ಸಾಲು, ಮೂಗಿನಲ್ಲಿ ಮೂಗುತಿ, ಕೈ ತೊಡೆಯ ಮೇಲೆ. ಅಜ್ಜಿ ನಗುತ್ತಿಲ್ಲ. ಏನೋ ಹೇಳಬೇಕು ಅಂತ ಬಾಯಿ ತೆರೆಯುವ ಮುಂಚಿನ ಹೊತ್ತು. ಬೆಲೆ ಇಲ್ಲ, ಆಫರ್ ಇಲ್ಲ, ಕೆಳಗೆ ಫೋನ್ ನಂಬರ್ ಮಾತ್ರ. ಅದರ ಮುಂದೆ ನಿಂತವರು ಒಳಗೆ ಬಂದು ಕೇಳುವ ಮೊದಲ ಮಾತು, "ಈ ಅಜ್ಜಿ ಯಾರ ಪೈಕಿ ರೀ?" ಎರಡನೆಯ ಮಾತು, "ನಮ್ಮವ್ವಂದೂ ಹಿಂಗ ಬರತೈತೇನ್ರಿ?" ರೇಟು ಬರುವುದು ಮೂರನೆಯದಾಗಿ. ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಅವರವ್ವ ಬಂದು ಕೂತಿರುತ್ತಾರೆ. ಅಲ್ಲಿಂದ ಮುಂದಿನ ಮಾತೇ ಬೇರೆ.

ಕಿಟಕಿಯಲ್ಲಿ ಇಡುವ ಮುಂಚೆ ಆ ಮನೆಯವರ ಒಪ್ಪಿಗೆ ಕೇಳುತ್ತೇನೆ. ಅಜ್ಜಿಯನ್ನೂ ಕೇಳುತ್ತೇನೆ, ಮಗನನ್ನು ಮಾತ್ರ ಅಲ್ಲ. ಒಪ್ಪಿದರೆ ದರ ಕಡಿಮೆ ಮಾಡುತ್ತೇನೆ ಅಂತ ಆಸೆ ತೋರಿಸುವುದಿಲ್ಲ. ಸಣ್ಣ ಊರು ಇದು. ಕಿಟಕಿಯಲ್ಲಿ ಇಟ್ಟ ಮುಖವನ್ನು ಸಂಜೆ ಒಳಗೆ ಅರ್ಧ ಊರು ಗುರುತು ಹಿಡಿಯುತ್ತದೆ. ವಯಸ್ಸಿಗೆ ಬಂದ ಹುಡುಗಿಯರ ಚಿತ್ರವನ್ನಂತೂ ಒಪ್ಪಿಗೆ ಇದ್ದರೂ ಇಡುವುದಿಲ್ಲ.

ಮಾಡುವ ಕೆಲಸ ಕಣ್ಣಿಗೆ ಬಿದ್ದರೆ ಕೇಳುವ ರೀತಿ ಬದಲಾಗುತ್ತದೆ ಅನ್ನುವುದಕ್ಕೆ ಕಿನ್ನಾಳಕ್ಕೆ ಹೋಗಿ ನೋಡಬೇಕು. ಕೊಪ್ಪಳದ ಪಕ್ಕದಲ್ಲೇ ಇದೆ. ಅಲ್ಲಿನ ಚಿತ್ರಗಾರರ ಮನೆಗಳಲ್ಲಿ ಹಗುರ ಮರದಿಂದ ಗೊಂಬೆ, ದೇವರ ಮೂರ್ತಿ, ವಾಹನ ಮಾಡುತ್ತಾರೆ. ಸಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಮಾಡಿ, ಅದನ್ನು ಮೆತ್ತಿ, ಒಣಗಿಸಿ, ಆಮೇಲೆ ಬಣ್ಣ. ಮನೆಯವರೆಲ್ಲ ಕೂತು ಮಾಡುವ ಕೆಲಸ. ಒಮ್ಮೆ ಅದನ್ನು ಎದುರಿಗೆ ಕೂತು ನೋಡಿದವರು ಪ್ಲಾಸ್ಟಿಕ್ ಗೊಂಬೆಯ ದರ ಹಿಡಿದು ಮಾತಾಡುವುದಿಲ್ಲ. ಎಷ್ಟು ದಿನ ಹಿಡಿಯಿತು ಅಂತ ಕೇಳುತ್ತಾರೆ. ನಮ್ಮ ಕೆಲಸದಲ್ಲಿ ತೊಂದರೆ ಏನೆಂದರೆ, ನೋಡುವವರ ಕಣ್ಣಿಗೆ ಬೀಳುವುದು ಒಂದು ಕ್ಲಿಕ್ ಮಾತ್ರ.

ಹಾಗಾಗಿಯೇ ನನಗೆ ಮನೆಗೆ ಹೋಗಿ ಫೋಟೋ ತೆಗೆಯುವುದು ಇಷ್ಟ. ಇಡೀ ಮನೆ ನೋಡುತ್ತಿರುತ್ತದೆ.

ಕುಕನೂರಿನ ಕಡೆಯ ಒಂದು ಹಳ್ಳಿ. ಮಣ್ಣಿನ ಮಾಳಿಗೆ ಮನೆ, ದಪ್ಪ ಗೋಡೆ, ಒಳಗೆ ತಂಪು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಕರೆಸಿದ್ದರು. ಅವರ ತಾಯಿ ನನ್ನನ್ನು ನೋಡಿದ ಕೂಡಲೇ ಮಗನ ಕಡೆ ತಿರುಗಿ, "ಯಾಕೋ ತಮ್ಮಾ, ನನ್ನ ಕಳಸಾಕ ತಯಾರಿ ನಡಿಸೀಯೇನು?" ಅಂದರು. ಮಗನ ಮುಖ ಸಪ್ಪಗಾಯಿತು. ಈ ಮಾತು ನಮ್ಮ ಕಡೆ ಬಹಳ ಮನೆಗಳಲ್ಲಿ ಬರುತ್ತದೆ. ದೊಡ್ಡ ಫೋಟೋ ಅಂದರೆ ಹಾರ ಹಾಕುವ ಫೋಟೋ ಅಂತಲೇ ಅರ್ಥ. ಪಡಸಾಲೆಯ ಗೋಡೆಯಲ್ಲಿ ದೊಡ್ಡದಾಗಿ ಇರುವವರೆಲ್ಲ ಹೋದವರೇ. ಈ ಅಂಜಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು, ನಗಬಾರದು, ಹಾಗೇನಿಲ್ಲ ಅಂತ ಒಂದೇ ಮಾತಲ್ಲಿ ತಳ್ಳಿಹಾಕಲೂ ಬಾರದು.

"ಇಲ್ರಿ ಯಮ್ಮಾ, ನಿಮ್ಮ ಮೊಮ್ಮಗಳು ನಿಮ್ಮಂಗ ಅದಾಳಂತ. ಇಬ್ಬರನ್ನೂ ಕೂಡಿಸಿ ನೋಡಬೇಕಂತ ಬಂದೀನಿ" ಅಂದೆ. ಅದು ನಿಜವೂ ಆಗಿತ್ತು. ಆ ಹುಡುಗಿಯ ಹುಬ್ಬು, ಗದ್ದ ಎಲ್ಲ ಅಜ್ಜಿಯದೇ. ಅಜ್ಜಿ ಟ್ರಂಕ್ ತೆಗೆಸಿದರು. ಯಾವ ಸೀರೆ ಅಂತ ಸೊಸೆಗೂ ಅವರಿಗೂ ಒಂದು ಚರ್ಚೆ ಆಯಿತು. ನಾನು ಅಷ್ಟರಲ್ಲಿ ಟ್ಯೂಬ್‌ಲೈಟ್ ಆರಿಸಿದೆ. ಮಗನಿಗೆ ಆಶ್ಚರ್ಯ. ಬೆಳಕು ಹಚ್ಚುವುದು ಬಿಟ್ಟು ಆರಿಸುತ್ತಾರಲ್ಲ ಅಂತ. ಟ್ಯೂಬಿನ ಬೆಳಕಿನ ಬಣ್ಣ ಬೇರೆ, ಬಾಗಿಲಿನಿಂದ ಬರುವ ಬೆಳಕಿನ ಬಣ್ಣ ಬೇರೆ, ಎರಡೂ ಸೇರಿದರೆ ಅವ್ವನ ಮೈಬಣ್ಣ ಕೆಡುತ್ತದೆ ಅಂತ ತಿಳಿಸಿ ಹೇಳಿದೆ. ಹೊರಸನ್ನು ತಲಬಾಗಿಲಿನ ಒಳಗೆ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರಕ್ಕೆ ಎಳೆಸಿದೆ. ಬಿಸಿಲು ನೇರ ಬೀಳದೆ, ಅಂಗಳದ ನೆಲಕ್ಕೂ ಎದುರಿನ ಗೋಡೆಗೂ ತಾಗಿ ಒಳಗೆ ಬರುವ ಬೆಳಕು ಅದು. ಬೆಳಕು ಬರುವ ಜಾಗ ಮುಖಕ್ಕಿಂತ ಎಷ್ಟು ದೊಡ್ಡದಿದ್ದು ಎಷ್ಟು ಹತ್ತಿರ ಇರುತ್ತದೋ ನೆರಳಿನ ಅಂಚು ಅಷ್ಟು ಮೆತ್ತಗಾಗುತ್ತದೆ. ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಡಬ್ಬಿಗೆ ನಾವು ಸಾಫ್ಟ್‌ಬಾಕ್ಸ್ ಅನ್ನುತ್ತೇವೆ. ನಮ್ಮ ಹಳೇ ಮನೆಗಳ ತಲಬಾಗಿಲಿಗಿಂತ ಒಳ್ಳೆಯ ಸಾಫ್ಟ್‌ಬಾಕ್ಸ್ ನಾನು ದುಡ್ಡು ಕೊಟ್ಟು ತಂದಿಲ್ಲ.

85 ಮಿ.ಮೀ. ಲೆನ್ಸ್ ಹಾಕಿದರೆ ನಾನು ದೂರವೇ ಕೂರಬಹುದು. ಅಜ್ಜಿಯ ಮುಖಕ್ಕೆ ಕ್ಯಾಮೆರಾ ತುರುಕಿದ ಹಾಗೆ ಆಗುವುದಿಲ್ಲ, ಮೂಗು ದಪ್ಪ ಕಾಣುವುದೂ ಇಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಅಜ್ಜಿಯ ಹಸಿರು ಬಳೆ ಎಣಿಸುತ್ತಿದ್ದಳು. ಎಣಿಸುವುದು ತಪ್ಪಿತು. ಅಜ್ಜಿ ಅವಳ ಕೈ ಹಿಡಿದು ಮತ್ತೆ ಮೊದಲಿನಿಂದ ಎಣಿಸಿ ತೋರಿಸಿದರು. ಆಗ ತೆಗೆದೆ. ಆಮೇಲೆ ಮೊಮ್ಮಗಳನ್ನು ಆಟಕ್ಕೆ ಕಳಿಸಿ ಅವರೊಬ್ಬರದ್ದೇ ತೆಗೆದೆ. ಆ ಹೊತ್ತಿಗೆ ಅವರೇ "ಬೊಟ್ಟು ಸರಿ ಐತೇನ?" ಅಂತ ಕೇಳುತ್ತಿದ್ದರು.

ಆ ಮನೆಗೆ ಚಿತ್ರ ತಲುಪಿಸಿದಾಗ ಒಂದು ಮಾತು ಹೇಳಿದೆ. ಹೋದವರ ಫೋಟೋ ಸಾಲಿನಲ್ಲಿ ಇದಕ್ಕೆ ಮೊಳೆ ಹೊಡೆಯಬೇಡಿ. ಎದುರು ಗೋಡೆಗೆ, ಬಂದವರು ಕೂರುವ ಕಡೆ ಹಾಕಿ. ಹಾಕಿದರು. ಅದಾದ ಮೇಲೆ ಆ ಹಳ್ಳಿಯಿಂದಲೇ ಇನ್ನೂ ಕೆಲವು ಮನೆಗಳವರು ಫೋನ್ ಮಾಡಿದರು. ಯಾರೂ ರೇಟ್ ಹೆಂಗ್ರಿ ಅಂತ ಶುರು ಮಾಡಲಿಲ್ಲ. "ಅವರ ಮನ್ಯಾಗ ನೋಡಿದ್ವಿ" ಅಂತ ಶುರು ಮಾಡಿದರು. ನಾನು ನಂಬುವ ಜಾಹೀರಾತು ಅದೊಂದೇ, ಯಾರದೋ ಪಡಸಾಲೆಯ ಗೋಡೆ.

ಇನ್‌ಸ್ಟಾಗ್ರಾಂ ಬಗ್ಗೆ ಕೇಳುತ್ತಾರೆ. ಖಾತೆ ಇದೆ, ಮೆಚ್ಚುವವರೂ ಇದ್ದಾರೆ, ಹೆಚ್ಚಿನವರು ಬೇರೆ ಊರಿನ ಫೋಟೋಗ್ರಾಫರುಗಳು. ಅವರ ಮಾತು ಕೇಳಿದರೆ ಸಂತೋಷ ಆಗುತ್ತದೆ, ಆದರೆ ಅವರು ಗಿರಾಕಿಗಳಲ್ಲ. ನಮ್ಮ ಕಡೆ ಕೆಲಸ ಆಗುವುದು ವಾಟ್ಸಾಪ್ ಸ್ಟೇಟಸ್‌ನಲ್ಲಿ. ಮಗಳು ತಾಯಿಯ ಫೋಟೋ ಸ್ಟೇಟಸ್ ಇಟ್ಟರೆ ಬಳಗದವರೆಲ್ಲ ನೋಡುತ್ತಾರೆ, ಅವರಲ್ಲಿ ಒಬ್ಬರ ತಾಯಿಗೆ ಎಪ್ಪತ್ತು ದಾಟಿರುತ್ತದೆ. ಅದಕ್ಕೇ ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಅಳತೆಯ ಒಂದು ಪ್ರತಿಯನ್ನು ಅವತ್ತೇ ಸಂಜೆ ಕಳಿಸಿಬಿಡುತ್ತೇನೆ.

ಅದಕ್ಕಿಂತ ಮುಖ್ಯ ಯಾವಾಗ ಅನ್ನುವುದು. ದುಡ್ಡು ಕೊಡುವವರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ, ಫೋಟೋ ಬೇಕಾದ ಮುಖ ಊರಲ್ಲಿರುತ್ತದೆ. ಇಬ್ಬರೂ ಒಂದೇ ಸೂರಿನಡಿ ಸಿಗುವುದು ವರ್ಷದಲ್ಲಿ ಕೆಲವೇ ದಿನ. ನಮ್ಮ ಕಡೆ ಅದರಲ್ಲಿ ದೊಡ್ಡದು ನಾಗರ ಪಂಚಮಿ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಉಂಡಿ ಕಟ್ಟುವುದು, ಜೋಕಾಲಿ, ಮನೆ ತುಂಬ ನಗು. ಅಜ್ಜಿ, ಮಗಳು, ಮೊಮ್ಮಗಳು ಮೂರು ತಲೆಮಾರು ಒಂದೇ ಕಟ್ಟೆಯ ಮೇಲೆ ಸಿಗುತ್ತವೆ. ಇನ್ನೊಂದು, ಜನವರಿಯಲ್ಲಿ ಗವಿಮಠದ ಜಾತ್ರೆ. ದಾಸೋಹಕ್ಕೆ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಜೋಳದ ರೊಟ್ಟಿ ಬರುತ್ತದೆ, ಲಕ್ಷಾಂತರ ಜನ ಸೇರುತ್ತಾರೆ, ಪರಊರಿನ ಮಕ್ಕಳು ರಜೆ ಹಾಕಿ ಬರುತ್ತಾರೆ. ಪಂಚಮಿಗೆ ಒಂದು ತಿಂಗಳು ಮುಂಚೆ ಹಳೇ ಗಿರಾಕಿಗಳಿಗೆ ನಾನೇ ಫೋನ್ ಮಾಡುತ್ತೇನೆ. ಮೆಸೇಜ್ ಕಳಿಸುವುದಿಲ್ಲ, ಫೋನ್. ಅವ್ವಾರು ಹೇಗಿದ್ದಾರೆ ಅಂತ ಕೇಳುತ್ತೇನೆ, ಕೇಳಬೇಕು ಅನ್ನಿಸಿಯೇ ಕೇಳುತ್ತೇನೆ. ಅಕ್ಕ ಬರುತ್ತಿದ್ದಾಳೆ, ಎಲ್ಲರೂ ಇರುತ್ತೇವೆ, ಬಂದುಬಿಡಿ ಅಂತ ಅವರಲ್ಲೇ ಯಾರೋ ಅನ್ನುತ್ತಾರೆ.

ಬೆಲೆಯ ಮಾತನ್ನು ಮುಚ್ಚಿಡುವುದು ನನಗೆ ಹಿಡಿಸುವುದಿಲ್ಲ. "ಬನ್ನಿ, ಕೂತು ಮಾತಾಡೋಣ" ಅಂತ ಕರೆಸಿ, ಚಹಾ ಕುಡಿಸಿ, ಏಳಲಾಗದ ಹಾಗೆ ಮಾಡಿ ದರ ಹೇಳುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಫೋನಿನಲ್ಲೇ ಎರಡು ಮೂರು ಮಾತು ಕೇಳುತ್ತೇನೆ. ಯಾರ ಫೋಟೋ? ಅವರಿಗೆ ಕೂರಲು, ಕಣ್ಣಿಗೆ ತೊಂದರೆ ಏನಾದರೂ ಇದೆಯಾ? ಮನೆಯಲ್ಲಿ ಯಾವ ಗೋಡೆಗೆ ಹಾಕುತ್ತೀರಿ? ಈ ಕೊನೆಯ ಪ್ರಶ್ನೆಗೆ ಬಹಳ ಜನ ತಡವರಿಸುತ್ತಾರೆ, ಆಮೇಲೆ ಎದ್ದು ಗೋಡೆ ನೋಡುತ್ತಾರೆ. ಬಿಸಿಲು ಬೀಳುವ ಗೋಡೆಯಾದರೆ ಬಣ್ಣ ಮಾಸುತ್ತದೆ, ಬೇರೆ ಕಡೆ ಹುಡುಕಿ ಅನ್ನುತ್ತೇನೆ. ಬಾಗಿಲಿನ ಎದುರು ಗೋಡೆಯಾದರೆ ಹೊಳಪಿನ ಕಾಗದ ಬೇಡ, ಮುಖದ ಬದಲು ಬಾಗಿಲೇ ಕಾಣುತ್ತದೆ. ಆಮೇಲೆ ಅದೇ ಫೋನಿನಲ್ಲಿ ದರ ಹೇಳುತ್ತೇನೆ. 6,500 ರೂಪಾಯಿ. ಅದರಲ್ಲಿ ತಾಲ್ಲೂಕಿನ ಒಳಗೆ ಮನೆಗೆ ಬರುವುದು, ಕಟ್ಟು ಹಾಕಿದ ಒಂದು ದೊಡ್ಡ ಪ್ರಿಂಟು, ಎರಡು ಸಣ್ಣವು. ಪ್ರಿಂಟು ಹುಬ್ಬಳ್ಳಿಯ ಲ್ಯಾಬಿನಿಂದ ಬರಬೇಕು, ಕಟ್ಟು ಇಲ್ಲಿಯೇ ಹಾಕಿಸುತ್ತೇನೆ. ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡಿನ, ಅಂದರೆ ಸುತ್ತ ಇಡುವ ದಪ್ಪ ರಟ್ಟಿನ, ಅಂತರ ಇರಲೇಬೇಕು, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿದರೆ ಜನ ಕೇಳುತ್ತಾರೆ. ನಮ್ಮ ಜನಕ್ಕೆ ಕೆಲಸದ ವಿವರ ಅಂದರೆ ಆಸಕ್ತಿ.

ಕಡಿಮೆ ಮಾಡಿ ಅಂದರೆ ಪ್ರಿಂಟಿನ ಅಳತೆ ಕಡಿಮೆ ಮಾಡುತ್ತೇನೆ, ಅದೇ ಕೆಲಸಕ್ಕೆ ದರ ಇಳಿಸುವುದಿಲ್ಲ. ಕಳೆದ ವಾರ 6,500 ಕೊಟ್ಟ ಕಂಡಕ್ಟರ್‌ಗೆ, ಈ ವಾರ 4,000ಕ್ಕೆ ಮಾಡಿಸಿಕೊಂಡವರು ಬಸ್ಸಿನಲ್ಲೇ ಸಿಗುತ್ತಾರೆ. ಆಗ ಅವರ ಮುಖ ನಾನು ಹೇಗೆ ನೋಡಲಿ? ಆದರೆ ಆಧಾರ್ ಕಾರ್ಡ್ ಹಿಡಿದು ಬರುವವರ ಹತ್ತಿರ ಕಾಗದದ ಖರ್ಚು ಬಿಟ್ಟು ಏನೂ ತೆಗೆದುಕೊಳ್ಳುವುದಿಲ್ಲ. ಕೋಟನ್ನೂ ಅಂಟಿಸುವುದಿಲ್ಲ. ಅವರು ಉಡುತ್ತಿದ್ದ ಬಟ್ಟೆಯ ಇನ್ನೊಂದು ಫೋಟೋ ಹುಡುಕಿಸಿ, ಆದಷ್ಟು ಅವರ ಹಾಗೆಯೇ ಮಾಡಿಕೊಡುತ್ತೇನೆ.

ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನು ಮುಖ್ಯ ರಸ್ತೆಯ ಅಂಗಡಿಗೆ ಕಳಿಸುತ್ತೇನೆ. ಮದುವೆ ಕೇಳಿ ಬಂದವರಿಗೆ ನನಗೆ ಗೊತ್ತಿರುವ ಇಬ್ಬರು ಒಳ್ಳೆಯ ಹುಡುಗರ ನಂಬರ್ ಕೊಡುತ್ತೇನೆ. ಕಮಿಷನ್ ಕೇಳುವುದಿಲ್ಲ. ಆ ಹುಡುಗರು ಮದುವೆ ಮನೆಯಲ್ಲಿ ಓಡಾಡುವಾಗ ಮೂಲೆಯಲ್ಲಿ ಕೂತ ಅಜ್ಜನನ್ನು ನೋಡಿ, "ಇವರದು ಬೇರೆ ತೆಗೆಸ್ರಿ, ಅಕ್ಕಾರು ಅದಾರ" ಅಂತ ನನ್ನ ಹೆಸರು ಹೇಳಿ ಬರುತ್ತಾರೆ. ಗಿರಾಕಿಯನ್ನು ಬಿಟ್ಟುಕೊಡುವುದು ನಷ್ಟ ಅಂತ ಹೊಸಬರು ಅಂಜುತ್ತಾರೆ. ಇದು ನನ್ನ ಕೆಲಸ ಅಲ್ಲ ಅಂತ ನಾವು ನೆಟ್ಟಗೆ ಹೇಳಿದರೇನೇ ನಮ್ಮ ಕೆಲಸ ಯಾವುದು ಅಂತ ಊರಿಗೆ ತಿಳಿಯುವುದು.

ಈ ಪಂಚಮಿಗೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಗೆ ಹೋಗುವುದಿದೆ. ಒಂದೊಂದು ಊರಿಗೆ ಒಂದು ಪೂರ್ತಿ ದಿನ ಇಟ್ಟುಕೊಂಡಿದ್ದೇನೆ, ಬೆಳಗ್ಗೆ ಮತ್ತು ಮಧ್ಯಾಹ್ನ ಮೂರರ ಮೇಲೆ. ಒಂದು ಊರಿನಲ್ಲಿ ಮನೆ ಮಾಡಿದರೆ ಅಕ್ಕಪಕ್ಕದ ಮನೆಯ ಅಜ್ಜಿಯರು ನೋಡಲು ಬಂದೇ ಬರುತ್ತಾರೆ, ಅವರಿಗೂ ಹೊತ್ತು ಇರಬೇಕು. ಈ ಸಲ ಒಂದು ಹೊಸದು ಸೇರಿಸಿದ್ದೇನೆ. ಎರಡು ಸಣ್ಣ ಪ್ರಿಂಟುಗಳಲ್ಲಿ ಒಂದನ್ನು ಮಕ್ಕಳ ಕೈಗೆ ಕೊಡದೆ ಅಜ್ಜಿಯ ಕೈಗೇ ಕೊಡುವುದು. ಹೋದ ವರ್ಷ ಒಬ್ಬ ಅಜ್ಜಿ ಕೇಳಿದ್ದರು, "ಎಲ್ಲಾ ಅವರಿಗೇ ಕೊಟ್ಟಿ, ನಂದು ನನಗ ಬ್ಯಾಡೇನು?" ಅಂತ.